ಹೊಲದ ತಾಯಿ, ಮನೆಯ ತಾಯಿ



ದಸರಾ ಮುಗಿಯಿತು. ಬನ್ನಿ ಕೊಟ್ಟೆವು. ಬನ್ನಿ ತೊಗೊಂಡೆವು. "ಬಂಗಾರದಂಗ ಇರೋಣ" ಅಂತ ಹೇಳಿದೆವು. ಬನ್ನಿ ಹಬ್ಬ ಆಗಿ ಐದು ದಿನಕ್ಕೆ ಸೀಗಿ ಹುಣ್ಣಿಮೆ.

ಈ ವಾರ ಅಕ್ಷರ ವರ್ಗಕ್ಕೆ ಬರುವವರು ಕಡಿಮೆ. ಯಾಕೆ ಅಂತ ನಮಗೆ ಗೊತ್ತು. ಎಲ್ಲರ ಮನೆಯಲ್ಲೂ ರೊಟ್ಟಿ ಬಡಿಯುವ ಸಪ್ಪಳ. ಇರಲಿ. ಹಬ್ಬ ಮಾಡಿ ಬನ್ನಿ. ಬಂದ ಮೇಲೆ ಈ ಪಾಠ ಓದೋಣ. ಇದು ನಮ್ಮ ಮನೆಯ ಹಬ್ಬದ ಪಾಠ.

ಉಪಕಾರ ನೆನೆಯುವ ಹಬ್ಬಗಳು

ಮಳೆಗಾಲ ಹಿಂದೆ ಸರಿಯುವ ಕಾಲ ಇದು. ನಮ್ಮ ಹುಬ್ಬಳ್ಳಿ ಧಾರವಾಡದ ಕಡೆ ಈಗ ಹಬ್ಬದ ಮೇಲೆ ಹಬ್ಬ. ಒಂದೊಂದು ಹಬ್ಬದಲ್ಲಿ ಒಬ್ಬೊಬ್ಬರ ಉಪಕಾರ ನೆನೆಯುತ್ತೇವೆ.

ಭಾದ್ರಪದದಲ್ಲಿ ಜೋಕುಮಾರಸ್ವಾಮಿ ಬುಟ್ಟಿಯಲ್ಲಿ ಕುಳಿತು ಮನೆ ಮನೆಗೆ ಬರುತ್ತಾನೆ. ಮಳೆ ತರುವವನು ಅವನು ಅಂತ ನಂಬಿಕೆ. ಮಹಾನವಮಿಗೆ ಕುಡಗೋಲು, ಕೂರಿಗೆ, ಹೊಲಿಗೆ ಯಂತ್ರ, ಆಟೋ ಎಲ್ಲಕ್ಕೂ ಪೂಜೆ. ನಮಗೆ ದುಡಿದು ಕೊಡುವ ಸಾಮಾನು ಅವು. ದೀಪಾವಳಿ ಪಾಡ್ಯಕ್ಕೆ ಸಗಣಿಯ ಪಾಂಡವರನ್ನು ಮಾಡಿ ಇಡುತ್ತೇವೆ. ದನಕರುಗಳಿಗೂ ಪೂಜೆ ಮಾಡುತ್ತೇವೆ.

ಸೀಗಿ ಹುಣ್ಣಿಮೆ ಯಾರ ಹಬ್ಬ? ಅದು ಭೂಮಿತಾಯಿಯ ಹಬ್ಬ.

ಭೂಮಿಗೆ ಬಸುರಿಯ ಬಯಕೆ

ಆಶ್ವೀಜ ಮಾಸದ ಹುಣ್ಣಿಮೆಯೇ ಸೀಗಿ ಹುಣ್ಣಿಮೆ. ಆಗ ಮುಂಗಾರಿ ಪೈರು ಹೊಲದಲ್ಲಿ ತುಂಬಿ ನಿಂತಿರುತ್ತದೆ. ಹತ್ತಿ ಕಾಯಿ ಕಟ್ಟಿರುತ್ತದೆ. ಶೇಂಗಾ ಮಣ್ಣಿನ ಒಳಗೆ ಬಲಿತಿರುತ್ತದೆ. ಮೆಣಸಿನ ಗಿಡದಲ್ಲಿ ಕಾಯಿ ಜೋತಾಡುತ್ತಿರುತ್ತವೆ. ಇಂಥ ಭೂಮಿಯನ್ನು ನಮ್ಮ ಹಿರಿಯರು ಬಸುರಿ ಅಂತ ಕಂಡರು. ಬಸುರಿಗೆ ಬಯಕೆ ಇರುತ್ತದೆ. ಅವಳ ಬಯಕೆ ತೀರಿಸಬೇಕು. ಅದಕ್ಕೇ ಹೊಲಕ್ಕೆ ಬುತ್ತಿ ಒಯ್ಯುತ್ತೇವೆ.

ಮಲೆನಾಡಿನಲ್ಲಿ ಈ ಹಬ್ಬಕ್ಕೆ ಭೂಮಿ ಹುಣ್ಣಿಮೆ ಅನ್ನುತ್ತಾರೆ. ಅಲ್ಲಿಯ ದೀವರ ಹೆಣ್ಣುಮಕ್ಕಳು ಬುಟ್ಟಿಗೆ ಕೆಮ್ಮಣ್ಣು ಬಳಿಯುತ್ತಾರೆ. ಅದರ ಮೇಲೆ ಬಿಳಿ ಚಿತ್ತಾರ ಬರೆಯುತ್ತಾರೆ. ಅದಕ್ಕೆ ಭೂಮಣ್ಣಿ ಬುಟ್ಟಿ ಅಂತ ಹೆಸರು. ಊರು ಬೇರೆ, ಬುಟ್ಟಿ ಬೇರೆ. ಆದರೆ ಭಾವನೆ ಒಂದೇ.

ಹಿಂಗಾರಿ ಪೈರಿಗೆ ಇನ್ನೊಂದು ಹಬ್ಬ ಇದೆ. ಅದು ಎಳ್ಳ ಅಮಾವಾಸ್ಯೆ. ಆಗ ಎರಿ ಹೊಲದಲ್ಲಿ ಬಿಳಿಜೋಳ, ಕಡಲೆ ನಿಂತಿರುತ್ತವೆ. ಆಗಲೂ ಚರಗ ಚೆಲ್ಲುತ್ತೇವೆ.

ನಮ್ಮ ಮನೆಯ ಹಬ್ಬ

ನಾವು ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿ ಇರುವವರು. ನಾವಿಬ್ಬರು, ನಮ್ಮ ಇಬ್ಬರು ಮಕ್ಕಳು. ಹೊಲಮನೆ ಇರುವುದು ಕುಂದಗೋಳ ತಾಲೂಕಿನ ಹಳ್ಳಿಯಲ್ಲಿ. ಅಲ್ಲಿ ಅತ್ತೆ, ಮೈದುನ, ನೆಗೆಣ್ಣಿ ಇದ್ದಾರೆ. ಯಾವ ಹಬ್ಬ ತಪ್ಪಿದರೂ ಸೀಗಿ ಹುಣ್ಣಿಮೆಗೆ ಊರಿಗೆ ಹೋಗುವುದು ತಪ್ಪುವುದಿಲ್ಲ.

ನಸುಕಿನಲ್ಲಿ ಅಡುಗೆ ಶುರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಪುಂಡಿಪಲ್ಯ, ಬದನೆಕಾಯಿ ಪಲ್ಯ, ಗುರೆಳ್ಳು ಚಟ್ನಿ, ಮೊಸರನ್ನ. ಎಲ್ಲವನ್ನೂ ಬುಟ್ಟಿಯಲ್ಲಿ ತುಂಬಿ ಹೊಲಕ್ಕೆ ಹೊರಡುತ್ತೇವೆ.

ಹೊಲದಲ್ಲಿ ಐದು ಕಲ್ಲು ಇಟ್ಟು ಸುಣ್ಣ ಬಳಿಯುತ್ತೇವೆ. ಅರಿಶಿನ, ಕುಂಕುಮ, ಹಸಿರು ಬಳೆ, ಖಣ ಏರಿಸುತ್ತೇವೆ. ಎಡೆ ಹಿಡಿಯುತ್ತೇವೆ. ಆಮೇಲೆ ಚರಗ. ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಕಲಸಿ ಒಬ್ಬರು ಹೊಲದ ತುಂಬ ಚೆಲ್ಲುತ್ತಾ ಹೋಗುತ್ತಾರೆ. ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತಾ ಬರುತ್ತಾರೆ. ಹಕ್ಕಿಗೂ ಒಂದು ಅಗಳು, ಇರುವೆಗೂ ಒಂದು ಅಗಳು. ಹಕ್ಕಿ ಚರಗ ತಿನ್ನಲು ಬರುತ್ತದೆ, ಬಂದಾಗ ಹುಳವನ್ನೂ ಹೆಕ್ಕುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಾರೆ.

ಅದಾದ ಮೇಲೆ ಊಟ. ಗಿಡದ ನೆರಳಲ್ಲಿ ಸಾಲಾಗಿ ಕುಳಿತು ಉಣ್ಣುವ ಆ ಊಟದ ರುಚಿಯೇ ಬೇರೆ.

ಒಂದು ವರ್ಷ ಆದದ್ದು

ಕೆಲವು ವರ್ಷದ ಹಿಂದಿನ ಮಾತು. ಆಗ ನಮ್ಮ ನೆಗೆಣ್ಣಿ ಐದು ತಿಂಗಳ ಬಸುರಿ. ಅವಳು ಮೂರು ಗಂಟೆಗೇ ಎದ್ದಿದ್ದಳು. ನೂರು ರೊಟ್ಟಿ ಬಡಿದಿದ್ದಳು. ಎಡೆ ಆಗುವ ತನಕ ಏನೂ ತಿನ್ನಬಾರದು ಅಂತ ಬರೀ ಚಹಾ ಕುಡಿದಿದ್ದಳು. ತಲೆಯ ಮೇಲೆ ಬುಟ್ಟಿ ಹೊತ್ತು ಹೊಲಕ್ಕೆ ನಡೆದಳು.

ಪೂಜೆ ಆಯಿತು. ಚರಗ ಆಯಿತು. ಗಂಡಸರು, ಬೀಗರು, ಮಕ್ಕಳು ಉಣ್ಣಲು ಕುಳಿತರು. ಅವಳು ಬಡಿಸಿದಳು. ಎರಡನೇ ಪಂಕ್ತಿ ಕುಳಿತಿತು. ಅದಕ್ಕೂ ಅವಳೇ ಬಡಿಸಿದಳು. ಹೊತ್ತು ಏರಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ನೋಡನೋಡುತ್ತಾ ಅವಳು ಹತ್ತಿ ಸಾಲಿನಲ್ಲಿ ಕುಸಿದು ಕುಳಿತಳು. "ಅಕ್ಕಾ, ಕಣ್ಣಿಗೆ ಕತ್ತಲಿ ಬರ್ತೈತಿ" ಅಂದಳು. ಅವಳ ತುಟಿ ಬೆಳ್ಳಗೆ ಆಗಿತ್ತು. ಬುಟ್ಟಿಯಲ್ಲಿ ನೋಡಿದರೆ ಅರ್ಧ ಹೋಳಿಗೆ, ಎರಡು ತುತ್ತು ಅನ್ನ ಉಳಿದಿತ್ತು.

ಅತ್ತೆ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ನೀರು ಕುಡಿಸಿದರು. ಹೋಳಿಗೆ ತಿನ್ನಿಸಿದರು. ಆಮೇಲೆ ಎಲ್ಲರ ಕಡೆ ನೋಡಿ ಹೇಳಿದರು:

"ಹೊಲದ ಬಸುರಿಗೆ ಮೊದಲ ತುತ್ತು. ಮನಿ ಬಸುರಿಗೆ ಕಡೀ ತುತ್ತು. ಇದೆಂಥಾ ಹಬ್ಬ ಮಾಡಾಕತ್ತೀವಿ ನಾವು?"

ಯಾರೂ ಮಾತಾಡಲಿಲ್ಲ. ಅತ್ತೆಯೇ ಮುಂದುವರಿಸಿದರು. "ನಾನೂ ಹಿಂಗ ಬಡಿಸ್ಕೋತ ನಿಂತಿದ್ದೆ. ಎರಡನೇದು ಹೊಟ್ಯಾಗ ಇತ್ತು. ಆ ಕೂಸು ಉಳೀಲಿಲ್ಲ. ಯಾಕ ಉಳೀಲಿಲ್ಲ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ."

ನಾವೂ ಅಲ್ಲೇ ಇದ್ದೆವು. ನಾವು ಕಲಿತವರು. ಮಂದಿಗೆ ಪಾಠ ಹೇಳುವವರು. ಆದರೂ ನಾವು ಮೊದಲ ಪಂಕ್ತಿಯಲ್ಲಿ ಮಕ್ಕಳ ಜೊತೆ ಕುಳಿತು ಉಂಡಿದ್ದೆವು. ಅವಳು ಉಂಡಳೋ ಇಲ್ಲವೋ ಅಂತ ಕೇಳಿರಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆ ಆಗುತ್ತದೆ.

ರಕ್ತ ಕಡಿಮೆ ಅಂದರೆ ಏನು?

ಮರುದಿನ ಆಶಾ ಅಕ್ಕ ಬಂದರು. ನೆಗೆಣ್ಣಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ರಕ್ತ ಪರೀಕ್ಷೆ ಮಾಡಿದರು. ಹಿಮೋಗ್ಲೋಬಿನ್ 9 ಗ್ರಾಂ ಇತ್ತು. ಬಸುರಿಗೆ ಅದು 11 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಕಡಿಮೆ ಇದ್ದರೆ ಅದಕ್ಕೆ ರಕ್ತಹೀನತೆ ಅನ್ನುತ್ತಾರೆ.

ನಾವು ಎಳೆದುಕೊಂಡ ಉಸಿರಿನ ಸತ್ವವನ್ನು ಮೈ ತುಂಬ ಹೊತ್ತು ಒಯ್ಯುವುದು ಈ ಹಿಮೋಗ್ಲೋಬಿನ್. ರಕ್ತ ಕೆಂಪಗೆ ಕಾಣುವುದೂ ಅದರಿಂದಲೇ. ಅದು ಆಗಬೇಕಾದರೆ ಕಬ್ಬಿಣದ ಅಂಶ ಬೇಕು. ಬಸುರಿಯ ಮೈಯಲ್ಲಿ ಕೂಸಿಗೂ ಕಬ್ಬಿಣ ಬೇಕು. ಆದ್ದರಿಂದ ಅವಳಿಗೆ ಹೆಚ್ಚು ಬೇಕಾಗುತ್ತದೆ. ಸಿಗದಿದ್ದರೆ ಸುಸ್ತು, ತಲೆ ಸುತ್ತು, ಏದುಸಿರು. ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು. ಕೂಸಿನ ತೂಕ ಕಡಿಮೆ ಆಗಬಹುದು. ಹೆರಿಗೆಯಲ್ಲಿ ರಕ್ತ ಹೋದರೆ ತಾಯಿಯ ಜೀವಕ್ಕೇ ಅಪಾಯ.

ಇದು ನಮ್ಮ ಮನೆಯೊಂದರ ಕಥೆ ಅಲ್ಲ. 2019ರಿಂದ 2021ರವರೆಗೆ ದೇಶದ ತುಂಬ ಆರೋಗ್ಯ ಸಮೀಕ್ಷೆ ನಡೆಯಿತು. ನಮ್ಮ ದೇಶದ 100 ಬಸುರಿಯರಲ್ಲಿ 52 ಮಂದಿಗೆ ರಕ್ತಹೀನತೆ ಇರುವುದು ಕಂಡಿತು. ಅಂದರೆ ಇಬ್ಬರಲ್ಲಿ ಒಬ್ಬಳು.

ನೆಗೆಣ್ಣಿಗೆ ಕಬ್ಬಿಣದ ಗುಳಿಗೆ ಮೊದಲೇ ಕೊಟ್ಟಿದ್ದರು. ಅವು ಮಾಡದಲ್ಲಿ ಹಾಗೇ ಇದ್ದವು. "ಗುಳಿಗಿ ತಿಂದ್ರ ಕೂಸು ದಪ್ಪ ಆಗತೈತಿ, ಹೆರಿಗಿ ಕಷ್ಟ ಆಗತೈತಿ" ಅಂತ ಯಾರೋ ಹೇಳಿದ್ದರು. ಅತ್ತೆಯೂ ಅದನ್ನೇ ನಂಬಿದ್ದರು. ಅದು ಸುಳ್ಳು ಅಂತ ದಾದಿ ತಿಳಿಸಿ ಹೇಳಿದರು. ಗುಳಿಗೆ ತಿಂದರೆ ಮಲ ಕಪ್ಪಗೆ ಆಗುತ್ತದೆ. ಅದಕ್ಕೆ ಹೆದರಬೇಕಿಲ್ಲ ಅಂತಲೂ ಹೇಳಿದರು.

ಅತ್ತೆ ಅಕ್ಷರ ಕಲಿತದ್ದು ದೊಡ್ಡವರಾದ ಮೇಲೆ, ನಿಮ್ಮ ಹಾಗೇ. ಅಂದಿನಿಂದ ಅವರು ತಾಯಿ ಕಾರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ರಾತ್ರಿ ಊಟ ಆದ ಮೇಲೆ ಸೊಸೆಗೆ ಗುಳಿಗೆ ಕೊಡುವರು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಗೆರೆ ಎಳೆಯುವರು. ಒಂದು ದಿನವೂ ಗೆರೆ ತಪ್ಪಲಿಲ್ಲ. ಎರಡು ತಿಂಗಳ ಮೇಲೆ ನೋಡಿದಾಗ ರಕ್ತ 11 ಗ್ರಾಂ ದಾಟಿತ್ತು. ಕೂಸು ಹುಟ್ಟಿದಾಗ 2 ಕಿಲೋ 800 ಗ್ರಾಂ ಇತ್ತು. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕ. ನಮ್ಮ ಕೂಸು ಗೆದ್ದಿತು. ಈಗ ಅದು ಅಂಗನವಾಡಿಗೆ ಓಡಿ ಹೋಗುತ್ತದೆ.

ಚರಗದ ಬುಟ್ಟಿಯಲ್ಲೇ ಔಷಧಿ

ಒಂದು ಸೋಜಿಗ ನೋಡಿ. ಭೂಮಿತಾಯಿಗೆ ಅಂತ ನಾವು ಮಾಡುವ ಅಡುಗೆಯಲ್ಲೇ ಬಸುರಿಗೆ ಬೇಕಾದದ್ದು ಇದೆ. ಸಜ್ಜಿ, ಎಳ್ಳು, ಗುರೆಳ್ಳು, ಪುಂಡಿಪಲ್ಯ, ಎಲ್ಲದರಲ್ಲೂ ಕಬ್ಬಿಣದ ಅಂಶ ಉಂಟು. ಮೆಂತೆಪಲ್ಯ, ರಾಜಗಿರಿ, ಹೆಸರು, ಮಡಕಿ, ಅಲಸಂದಿಯಲ್ಲೂ ಉಂಟು. ತಿನ್ನುವವರು ಮಾಂಸ, ಮೀನು ತಿನ್ನಬಹುದು. ಊಟದ ಮೇಲೆ ನಿಂಬೆರಸ ಹಿಂಡಿಕೊಳ್ಳಿ. ನೆಲ್ಲಿಕಾಯಿ, ಪೇರಲಹಣ್ಣು ತಿನ್ನಿ. ಆಗ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಸಂಗಡ ಚಹಾ ಬೇಡ. ಚಹಾ ಆ ಸತ್ವವನ್ನು ತಡೆಯುತ್ತದೆ. ಒಂದು ತಾಸು ಬಿಟ್ಟು ಕುಡಿಯಿರಿ.

ಆದರೆ ಬಸುರಿಗೆ ಊಟ ಒಂದೇ ಸಾಲದು. ಗುಳಿಗೆಯೂ ಬೇಕು. ನಾಲ್ಕನೇ ತಿಂಗಳಿಂದ ದಿನಕ್ಕೆ ಒಂದರಂತೆ 180 ದಿನ ತೊಗೊಳ್ಳಬೇಕು. ಹೆರಿಗೆ ಆದ ಮೇಲೂ 180 ದಿನ. ರಕ್ತ ಕಡಿಮೆ ಇದ್ದವರು ದಾದಿ ಅಥವಾ ಡಾಕ್ಟರು ಹೇಳಿದಷ್ಟು ತೊಗೊಳ್ಳಬೇಕು. ಸರಕಾರಿ ಆಸ್ಪತ್ರೆಯಲ್ಲಿ ಈ ಗುಳಿಗೆಗೆ ರೊಕ್ಕ ಇಲ್ಲ.

ಇನ್ನೂ ಎರಡು ಮಾತು ನೆನಪಿಡಿ. ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಪುಕ್ಕಟೆ ತಪಾಸಣೆ ಇರುತ್ತದೆ. ಇದು 2016ರಲ್ಲಿ ಶುರುವಾಯಿತು. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಶುರುವಾಯಿತು. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿ ಊಟ ಕೊಡುವ ಯೋಜನೆ ಅದು. ನಿಮ್ಮ ಅಂಗನವಾಡಿಯಲ್ಲಿ ಈಗ ಏನೇನು ಸಿಗುತ್ತದೆ, ಹೋಗಿ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಅದು ನಿಮ್ಮ ಹಕ್ಕು.

ಈಗ ನಮ್ಮ ಹಬ್ಬ ಹೀಗೆ

ನಾವು ಹಬ್ಬ ಬಿಡಲಿಲ್ಲ. ನಂಬಿಕೆ ಬಿಡಲಿಲ್ಲ. ಐದು ಕಲ್ಲು ಇಡುತ್ತೇವೆ. ಚರಗ ಚೆಲ್ಲುತ್ತೇವೆ. ಪದ್ಧತಿ ಒಂದು ಮಾತ್ರ ಬದಲಾಗಿದೆ.

ಮೊದಲ ತುತ್ತು ಭೂಮಿತಾಯಿಗೆ. ಎರಡನೇ ತುತ್ತು ಮನೆಯ ಬಸುರಿ ಬಾಣಂತಿಗೆ. ಬಸುರಿ ಇದ್ದವಳು ಬೆಳಗ್ಗೆ ಹಸಿದು ಇರುವಂತಿಲ್ಲ. "ಭೂಮಿತಾಯಿ ಸಿಟ್ಟಾಗೂದಿಲ್ಲ. ಆಕಿನೂ ಬಸುರಿ. ಆಕಿಗೆ ಹಸಿವು ಗೊತ್ತೈತಿ" ಅನ್ನುತ್ತಾರೆ ಅತ್ತೆ. ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳನ್ನೂ ಹಬ್ಬಕ್ಕೆ ಕರೆಯುತ್ತೇವೆ. ಪೈರು ಎದ್ದು ನಿಂತದ್ದರಲ್ಲಿ ಅವರ ಬೆವರೂ ಇದೆ. ಬಡಿಸುವ ಕೆಲಸ ಗಂಡಸರದು. ಮೊದಲ ವರ್ಷ ನಮ್ಮ ಮೈದುನ ಪಲ್ಯ ಚೆಲ್ಲಿದ. ಎಲ್ಲರೂ ನಕ್ಕೆವು. ಈಗ ಚೆನ್ನಾಗಿ ಬಡಿಸುತ್ತಾನೆ.

ಕಳೆದ ಹಬ್ಬಕ್ಕೆ ನಮ್ಮ ಸಣ್ಣ ಮಗಳು ಚರಗದ ಬುಟ್ಟಿ ಹಿಡಿದಿದ್ದಳು. ಅಜ್ಜಿಯನ್ನು ಕೇಳಿದಳು. "ಅಜ್ಜಿ, ಭೂಮಿಗೆ ಕೊಟ್ಟಿವಿ, ಹಕ್ಕಿಗೆ ಕೊಟ್ಟಿವಿ, ಚಿಗವ್ವಗ ಕೊಟ್ಟಿವಿ. ನಿನಗ ಯಾರು ಕೊಟ್ರು?" ಅತ್ತೆ ಸುಮ್ಮನೆ ಕುಳಿತರು. ಮಗಳೇ ಹೋಳಿಗೆ ಮುರಿದು ಅವರ ಬಾಯಿಗೆ ಇಟ್ಟಳು.

ಅಕ್ಕಂದಿರೇ, ಮನೆ ಮಂದಿಗೆಲ್ಲ ಬಡಿಸುವವರು ನೀವು. ಈ ಹಬ್ಬಕ್ಕೆ ನಿಮ್ಮ ತಾಟನ್ನೂ ಹಾಕಿರಿ. ಎಲ್ಲರ ಜೊತೆಗೆ ಕುಳಿತು ಉಣ್ಣಿರಿ.

ಪದಗಳ ಅರ್ಥ

ಚರಗ: ಹೊಲದಲ್ಲಿ ಚೆಲ್ಲುವ ಎಡೆಯ ಅನ್ನ
ಪಂಕ್ತಿ: ಊಟದ ಸಾಲು
ರಕ್ತಹೀನತೆ: ರಕ್ತದ ಕಸುವು ಕಡಿಮೆ ಆಗುವುದು
ತಪಾಸಣೆ: ಪರೀಕ್ಷೆ ಮಾಡಿ ನೋಡುವುದು
ಪುಕ್ಕಟೆ: ರೊಕ್ಕ ಇಲ್ಲದೆ

ಓದಿ ಉತ್ತರ ಹೇಳಿರಿ

1. ಸೀಗಿ ಹುಣ್ಣಿಮೆಗೆ ಭೂಮಿಯನ್ನು ಏನೆಂದು ಪೂಜೆ ಮಾಡುತ್ತಾರೆ?
2. ಸೊಸೆ ಹೊಲದಲ್ಲಿ ಯಾಕೆ ಕುಸಿದಳು?
3. ಬಸುರಿಗೆ ಹಿಮೋಗ್ಲೋಬಿನ್ ಎಷ್ಟು ಗ್ರಾಂ ಇರಬೇಕು?
4. ಊಟದ ಸಂಗಡ ಚಹಾ ಯಾಕೆ ಕುಡಿಯಬಾರದು?

ಲೆಕ್ಕ ಮಾಡಿರಿ

ದಿನಕ್ಕೆ ಒಂದು ಗುಳಿಗೆ. ಒಟ್ಟು 180 ಗುಳಿಗೆ. ತಿಂಗಳಿಗೆ 30 ದಿನ. ಎಷ್ಟು ತಿಂಗಳು ಆಗುತ್ತದೆ?

ಕೂಡಿ ಮಾತಾಡಿರಿ

ನಿಮ್ಮ ಮನೆಯಲ್ಲಿ ಕಡೆಗೆ ಉಣ್ಣುವವರು ಯಾರು? ಅವರಿಗೆ ಏನು ಉಳಿದಿರುತ್ತದೆ?

ಬರೆಯಿರಿ

ನಿಮ್ಮನ್ನು ಹೊತ್ತು, ಹೆತ್ತು, ಉಣಿಸಿದವರು ಯಾರು? ಅವರ ಹೆಸರು ಬರೆಯಿರಿ. ಅವರಿಗೆ ಹೇಳಬೇಕಾದ ಒಂದು ಮಾತನ್ನು ಕೆಳಗೆ ಬರೆಯಿರಿ. ಮನೆಗೆ ಹೋಗಿ ಅದನ್ನು ಅವರ ಮುಂದೆ ಓದಿ ಹೇಳಿರಿ.