ಹಿಂದಿನವರು ಕಂಡ ಮುಂದಿನ ಕಾಲ

ವಿಶಾಖಪಟ್ಟಣದ ರಾಮಕೃಷ್ಣ ಕಡಲತೀರದಲ್ಲಿ 'ಕುರ್ಸುರಾ' ಎಂಬ ಜಲಾಂತರ್ಗಾಮಿ ನೌಕೆಯನ್ನು ಕಾಣುವೆವು. 1969ರಿಂದ 2001ರವರೆಗೆ ನಮ್ಮ ನೌಕಾಪಡೆಯ ಸೇವೆಯಲ್ಲಿದ್ದ ಅದು 2002ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅದರ ಇಕ್ಕಟ್ಟಾದ ಒಡಲಿನಲ್ಲಿ ಪ್ರತಿಯೊಂದು ಕೊಳವೆಯೂ ಉಪಯೋಗಕ್ಕಾಗಿಯೇ ಇರುವುದು.

ಪ್ಯಾರಿಸ್ ನಗರದ ಬಳಿಯ ಡಿಸ್ನಿಲ್ಯಾಂಡ್ ವಿಹಾರೋದ್ಯಾನದಲ್ಲಿಯೂ 1994ರಲ್ಲಿ ಒಂದು ಜಲಾಂತರ್ಗಾಮಿಯನ್ನು ನಿರ್ಮಿಸಿದರು. ಅದು ಕಡಲನ್ನು ಕಂಡುದಲ್ಲ. ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನನು 1870ರ ಸುಮಾರಿಗೆ ಕಲ್ಪಿಸಿದ 'ನಾಟಿಲಸ್'. ಅದರ ನಾಯಕ ನೀಮೋ ಬುಂದೇಲಖಂಡದ ರಾಜಕುಮಾರನೆಂದು ವರ್ನನು ಮುಂದಿನ ಕಾದಂಬರಿಯೊಂದರಲ್ಲಿ ಹೇಳಿದ್ದಾನೆ. ಉಬ್ಬುಮೊಳೆಗಳ ಲೋಹದ ಮೈ, ಒಳಗೆ ಅರಮನೆಯಂತಹ ಕೋಣೆ, ಆರ್ಗನ್ ವಾದ್ಯ! ನೂರು ವರ್ಷ ಹಿಂದಿನ ಕನಸನ್ನು ಹೀಗೆ ಮತ್ತೆ ಕಟ್ಟಿದುದೇಕೆ?

ಕಾರಣವನ್ನು ಅಮೆರಿಕದಲ್ಲಿ ಅರಸಬೇಕು. 1955ರಲ್ಲಿ ಕ್ಯಾಲಿಫೋರ್ನಿಯದಲ್ಲಿ ತೆರೆದ ಡಿಸ್ನಿಲ್ಯಾಂಡಿನಲ್ಲಿ 'ಟುಮಾರೋಲ್ಯಾಂಡ್', ಎಂದರೆ ನಾಳೆಯ ನಾಡು, ಎಂಬ ವಿಭಾಗವಿದ್ದಿತು. 1986ರ ಜಗತ್ತನ್ನು ತೋರುವುದು ಅದರ ಉದ್ದೇಶ. ಚಂದ್ರಯಾನದ ಆಟವು ಅಲ್ಲಿನ ವಿಸ್ಮಯಗಳಲ್ಲೊಂದು. ಆದರೆ 1969ರಲ್ಲಿ ಮಾನವನು ನಿಜವಾಗಿಯೇ ಚಂದ್ರನ ಮೇಲೆ ಕಾಲಿರಿಸಿದನು. 1975ರಲ್ಲಿ ಆ ಆಟವು ಮಂಗಳಯಾನವಾಗಿ ಮಾರ್ಪಟ್ಟಿತು. ನಾಳೆಯೆಂಬುದು ಇಷ್ಟು ಬೇಗ ನಿನ್ನೆಯಾಗುವುದು. ಆದುದರಿಂದ 1992ರಲ್ಲಿ ಪ್ಯಾರಿಸ್ಸಿನ ಉದ್ಯಾನವನ್ನು ರಚಿಸಿದವರು ಮುಂದಿನ ಕಾಲವನ್ನು ತಾವೇ ಊಹಿಸಲು ಹೋಗದೆ, ಹಿಂದಿನವರು ಊಹಿಸಿದ್ದನ್ನೇ ತಾಮ್ರ ಹಿತ್ತಾಳೆಗಳ ಬಣ್ಣದಲ್ಲಿ ರೂಪಿಸಿದರು. ಹಳೆಯ ಕನಸಿಗೆ ಮತ್ತೆ ಹಳತಾಗುವ ಭಯವಿಲ್ಲವಷ್ಟೆ!

ಆದರೆ, ಮಿತ್ರರೇ, ನಾವು ಹಳೆಯ ಕನಸುಗಳಲ್ಲಿಯೇ ವಿಹರಿಸಿದರೆ ಸಾಕೆ? ನಾಟಿಲಸ್ ವಿದ್ಯುತ್ತಿನಿಂದ ಚಲಿಸುವುದೆಂದು ವರ್ನನು ಬರೆದನು. ಅವನು ಬಣ್ಣಿಸಿದ ಅರಮನೆ ಕುರ್ಸುರಾದಲ್ಲಿಲ್ಲ; ಆದರೆ ನೀರಿನೊಳಗೆ ಅದು ಸಂಚರಿಸಿದುದು ಬ್ಯಾಟರಿಯ ವಿದ್ಯುತ್ತಿನಿಂದಲೇ. ಊಹೆ ಅರ್ಧ ತಪ್ಪಿದರೂ ವ್ಯರ್ಥವಲ್ಲ. ನಾವೂ ಧೈರ್ಯದಿಂದ ಊಹಿಸೋಣ.