ಹೊರೆ ಮೀರಿದ ಕೆಲಸವೂ ಬಳಲಿದ ಮನಸ್ಸೂ

ಅಂಗನವಾಡಿಯ ಕಾರ್ಯಕರ್ತೆಗೆ ಎಷ್ಟು ಕೆಲಸ ಉಂಟೆಂಬದನ್ನು ನಾವೆಲ್ಲರೂ ಬಲ್ಲೆವು. ಮಕ್ಕಳಿಗೆ ಕಲಿಸಬೇಕು, ಅವರ ತೂಕ ನೋಡಬೇಕು, ಗರ್ಭಿಣಿಯರನ್ನೂ ಬಾಣಂತಿಯರನ್ನೂ ವಿಚಾರಿಸಬೇಕು. ಇದೆಲ್ಲವನ್ನು 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಲೆಕ್ಕದಲ್ಲಿಯೂ ತುಂಬಿಸಬೇಕು. ನಮ್ಮ ಪರಿಚಿತಳಾದ ಇಂಥ ಒಬ್ಬ ಸಹೋದರಿಯು ಒಂದು ದಿನ, ಹಾಲಿನ ಲೋಟವನ್ನು ಚೆಲ್ಲಿದ ಕೂಸಿಗೆ ಹೊಡೆದುಬಿಟ್ಟಳು. ಆ ರಾತ್ರಿ ಆಕೆಗೆ ನಿದ್ರೆ ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯು ಆಕೆಯ ವಿಷಯದಲ್ಲಿ ನಿಜವಾಯಿತು. ಇದು ಹೇಗಾಯಿತೆಂದೂ ಇದಕ್ಕೆ ಪರಿಹಾರವೇನೆಂದೂ ವಿಚಾರಿಸೋಣ.

1. ಒತ್ತಡವೆಂದರೇನು? ಕೆನಡಾ ದೇಶದ ಮಾಂಟ್ರಿಯಲ್ ಪಟ್ಟಣದಲ್ಲಿದ್ದ ಹಾನ್ಸ್ ಸೆಲ್ಯೆ ಎಂಬ ವೈದ್ಯಪಂಡಿತನು ಇಲಿಗಳನ್ನು ಪರೀಕ್ಷಿಸಿ, 1936ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದನು. ಹೇಗಂದರೆ, ಚಳಿಯಾಗಲಿ, ಗಾಯವಾಗಲಿ, ಮಿತಿಮೀರಿದ ದುಡಿತವಾಗಲಿ, ದೇಹವು ಒಂದೇ ರೀತಿಯಲ್ಲಿ ಎದುರಿಸುತ್ತದೆ. ಮೊದಲು ಎಚ್ಚತ್ತು ಸಿದ್ಧವಾಗುತ್ತದೆ. ಅನಂತರ ತಾಳಿಕೊಂಡು ನಿಲ್ಲುತ್ತದೆ. ಕಷ್ಟವು ತೀರದಿದ್ದರೆ ಕಡೆಗೆ ಸೋತು ಬೀಳುತ್ತದೆ. ಆದಕಾರಣ ಸ್ವಲ್ಪ ಕಾಲದ ಒತ್ತಡದಿಂದ ಕೇಡಿಲ್ಲ. ವಿಶ್ರಾಂತಿಯಿಲ್ಲದ ಒತ್ತಡವೇ ಕೇಡು.

2. ಗುರುತುಗಳು ಯಾವುವು? ಲೋಕ ಆರೋಗ್ಯ ಸಂಸ್ಥೆಯು 2019ರಲ್ಲಿ, ಕೆಲಸದಿಂದುಂಟಾಗುವ ಬಳಲಿಕೆಗೆ ಮೂರು ಗುರುತುಗಳನ್ನು ಹೇಳಿತು: ಶಕ್ತಿ ಬತ್ತಿಹೋಗುವದು, ಕೆಲಸದ ಮೇಲೆ ಬೇಸರವೂ ತಾತ್ಸಾರವೂ ಹುಟ್ಟುವದು, ಮಾಡಿದ ಕೆಲಸವು ಕೈಗೂಡದಿರುವದು. ಇದನ್ನು ಅದು ರೋಗವೆಂದು ಎಣಿಸದೆ, ಉದ್ಯೋಗಕ್ಕೆ ಸಂಬಂಧಪಟ್ಟ ಸ್ಥಿತಿಯೆಂದು ಎಣಿಸಿತು. ಹಾಗಾದರೆ ದೋಷವೆಲ್ಲಾ ಕೆಲಸಗಾರನದೇ ಎಂದು ಹೇಳುವದು ಸರಿಯಲ್ಲ.

3. ಮಾಡತಕ್ಕದ್ದೇನು? ಆ ಸಹೋದರಿಯು ಮಾರಣೆ ದಿನ ಕೂಸಿನ ತಾಯಿಯ ಬಳಿಗೆ ಹೋಗಿ ತಪ್ಪೊಪ್ಪಿಕೊಂಡಳು. ಬಳಿಕ ತನ್ನ ಕೆಲಸಗಳನ್ನೆಲ್ಲಾ ಒಂದು ಕಾಗದದಲ್ಲಿ ಬರೆದು, ಇಂದೇ ಆಗಬೇಕಾದವು, ಈ ವಾರದೊಳಗೆ ಆಗತಕ್ಕವು, ಇನ್ನೊಬ್ಬರು ಮಾಡಬಹುದಾದವು ಎಂದು ಮೂರು ಪಾಲು ಮಾಡಿದಳು. ತಲೆಯೊಳಗೆ ನೂರಾಗಿ ತೋರಿದ ಕೆಲಸಗಳು ಕಾಗದದ ಮೇಲೆ ಹದಿನೇಳೇ ಆದವು. ಕೆಲವನ್ನು ಸಹಾಯಕಿಯು ವಹಿಸಿಕೊಂಡಳು. ಆ ಕಾಗದವನ್ನು ಮೇಲ್ವಿಚಾರಕಿಗೆ ತೋರಿಸಲು ಆಕೆಗೆ ನಾಚಿಕೆಯಾಯಿತು, ಆದರೂ ತೋರಿಸಿದಳು. ಮೇಲ್ವಿಚಾರಕಿಯು ಎಲ್ಲವನ್ನೂ ಇಳಿಸಲಾರದೆ ಹೋದರೂ ಲೆಕ್ಕಕ್ಕೆ ಎರಡು ದಿನಗಳ ಅವಕಾಶ ಕೊಟ್ಟಳು. ಈಗ ಆಕೆಯು ಸಿಟ್ಟು ಏರುವಾಗ ಅಂಗಳಕ್ಕೆ ಬಂದು, ಉಸಿರನ್ನು ಮೆಲ್ಲಗೆ ಎಳೆದು ಇನ್ನೂ ಮೆಲ್ಲಗೆ ಬಿಡುತ್ತಾಳೆ; ರಾತ್ರಿ ಮೊಬೈಲನ್ನು ದೂರವಿಟ್ಟು ಹೊತ್ತಿಗೆ ಸರಿಯಾಗಿ ಮಲಗುತ್ತಾಳೆ.

4. ಒಂದು ಎಚ್ಚರಿಕೆ. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಇಲ್ಲವೆ ಬದುಕೇ ಬೇಡವೆಂಬ ಆಲೋಚನೆ ಬಂದರೆ, ತಡಮಾಡದೆ ವೈದ್ಯರನ್ನು ಕಾಣಬೇಕು. 2022ನೇ ಅಕ್ಟೋಬರದಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ಸೇವೆಯಲ್ಲಿ 14416 ಸಂಖ್ಯೆಗೆ ಹಗಲಿರುಳು ಕರೆಮಾಡಿ, ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು.

ಹೊರೆ ಹೆಚ್ಚಾಯಿತೆಂದು ಬಾಯಿಬಿಟ್ಟು ಹೇಳುವದು ಸೋಮಾರಿತನವಲ್ಲ. ಹೇಳದೆ ಹೊತ್ತ ಹೊರೆಯು ಕಡೆಗೆ ನಮಗಿಂತ ಬಲಹೀನರ ಮೇಲೆ ಬೀಳುತ್ತದೆ. ಆ ಕೂಸು ಈಗ ಹಾಲು ಕುಡಿಯಲು ತಿರಿಗಿ ಆಕೆಯ ಪಕ್ಕದಲ್ಲಿ ಕೂಡುತ್ತದೆ. ಆದರೆ ಅದಕ್ಕೆ ಒಂದು ತಿಂಗಳು ಹಿಡಿಯಿತು.

ಆಲೋಚನೆಗೆ ಪ್ರಶ್ನೆಗಳು: (1) ನಮ್ಮ ಸಿಟ್ಟು ಮನೆಯಲ್ಲಿ ಯಾರ ಮೇಲೆ ಬೀಳುತ್ತದೆ? (2) ನಮ್ಮ ಕೆಲಸಗಳಲ್ಲಿ ಇನ್ನೊಬ್ಬರಿಗೆ ಒಪ್ಪಿಸಬಹುದಾದದ್ದು ಯಾವುದು? (3) ನಮ್ಮ ಕೈಕೆಳಗೆ ದುಡಿಯುವವರ ಹೊರೆಯನ್ನು ನಾವು ಎಂದಾದರೂ ವಿಚಾರಿಸಿದ್ದೇವೋ?