ಸಾಕುಮಗುವಿನ ಮನಸ್ಸಿಗೂ ಆರೈಕೆ ಬೇಕು

ಸಾಕುಮಗು ಏಳೆಂಟು ವರ್ಷವಾದರೂ ಹಾಸಿಗೆ ಒದ್ದೆ ಮಾಡುತ್ತದೆ, ರೊಟ್ಟಿ ಬಚ್ಚಿಡುತ್ತದೆ ಎಂದು ಮಾಜೂನ್ ಕೇಳಿ ಬರುವವರಿದ್ದಾರೆ. ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ದೇಹದಲ್ಲಿ ತೊಂದರೆಯಿಲ್ಲದಿದ್ದರೆ ಅದನ್ನು ಹಠವೆನ್ನಬೇಡಿ. ಮತ್ತೆ ಅನಾಥವಾಗುವ ಭಯವಿರಬಹುದು. ಹೊಡೆಯಬೇಡಿ, ಹೀಯಾಳಿಸಬೇಡಿ. ಈ ಭಯಕ್ಕೆ ಮಾಜೂನ್ ಸಾಲದು, ಆಪ್ತ ಸಮಾಲೋಚನೆ ಬೇಕು.

ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. ಮಗುವಿನೊಂದಿಗೆ ಸಾಕಿದ ತಾಯಿ, ತಂದೆ ಇಬ್ಬರೂ ಹೋಗಿ. ಸಾಕುಮಗುವೆಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ.

ಮಗುವಿನಿಂದಲೂ ಮುಚ್ಚಿಡಬೇಡಿ. ಸಾಕುಮಕ್ಕಳನ್ನು ಅವರ ಹೆತ್ತ ತಂದೆಯ ಹೆಸರಿನಿಂದಲೇ ಕರೆಯುವಂತೆ ಪವಿತ್ರ ಕುರ್‌ಆನ್ (33:5) ಆದೇಶಿಸಿದೆ. ಆ ಸತ್ಯವನ್ನು ಮಗು ನೆರೆಮನೆಯವರಿಂದಲ್ಲ, ನಿಮ್ಮ ಮಡಿಲಲ್ಲಿ ಕುಳಿತು ನಿಮ್ಮಿಂದಲೇ ಕೇಳಲಿ.